ಬಾವಿಯ ಹಗ್ಗ ಹೇಳುವ ಲೆಕ್ಕ

ಬಾವಿಯಿಂದ ನೀರು ಸೇದುವಾಗ ಹಿರಿಯರು ಮಕ್ಕಳಿಗೆ ಹೇಳುವ ಮಾತೊಂದುಂಟು: "ಹಗ್ಗ ಹಳೆಯದು, ಜಗ್ಗಬೇಡ, ನಿಧಾನವಾಗಿ ಸೇದು." ಈ ಮಾತಿನಲ್ಲಿ ಭೌತವಿಜ್ಞಾನದ ನಿಯಮವೊಂದು ಅಡಗಿದೆ.

ನೀರು ತುಂಬಿದ ಕೊಡ 10 ಕಿಲೋಗ್ರಾಂ ಇದೆಯೆನ್ನೋಣ. ಭೂಮಿಯು ಅದನ್ನು 98 ನ್ಯೂಟನ್ ಬಲದಿಂದ ಕೆಳಕ್ಕೆ ಸೆಳೆಯುತ್ತದೆ. ಕೊಡ ಒಂದೇ ಸಮನಾದ ವೇಗದಿಂದ ಮೇಲೇರುತ್ತಿದ್ದರೆ ಹಗ್ಗದ ಎಳೆತವೂ ಸರಿಯಾಗಿ 98. ಜಮೆಗೂ ಖರ್ಚಿಗೂ ಸರಿಹೋಯಿತು, ಉಳಿಕೆ ಸೊನ್ನೆ. ಚಲನೆ ಉಂಟು, ವೇಗೋತ್ಕರ್ಷವಿಲ್ಲ. ಮೇಲೇರುವ ವಸ್ತುವಿಗೆ ಸದಾ ಹೆಚ್ಚಿನ ಬಲ ಬೇಕೆಂದು ತಿಳಿದವರು ಎಡವುವುದು ಇಲ್ಲಿಯೇ.

ಈಗ ಹಗ್ಗವನ್ನು ಜಗ್ಗಿ, 118 ನ್ಯೂಟನ್ ಬಲದಿಂದ ಎಳೆದೆವೆನ್ನಿ. 98 ಕಳೆದರೆ ಉಳಿಯುವುದು 20. ಈ ನಿವ್ವಳ ಬಲವನ್ನು 10ರಿಂದ ಭಾಗಿಸಿದರೆ 2. ಅಂದರೆ, ಕೊಡದ ವೇಗವು ಪ್ರತಿ ಸೆಕೆಂಡೂ ಸೆಕೆಂಡಿಗೆ 2 ಮೀಟರಿನಷ್ಟು ಹೆಚ್ಚುತ್ತದೆ. 110 ನ್ಯೂಟನ್ನಿಗಿಂತ ಹೆಚ್ಚು ತಾಳಲಾರದ ಹಗ್ಗ ನಿಧಾನವಾಗಿ ಸೇದಿದಾಗ ಉಳಿದೀತು. ಹೀಗೆ ಜಗ್ಗಿದರೆ ಹರಿಯುತ್ತದೆ.

ಹರಿದ ಮೇಲೆ ಕೊಡದ ಪಾಲಿಗೆ ಉಳಿದದ್ದು ಗುರುತ್ವಾಕರ್ಷಣೆಯೊಂದೇ. ಆದರೂ ಮೇಲೇರುತ್ತಿದ್ದ ಕೊಡ ಕೂಡಲೇ ಬೀಳದು. ಕ್ಷಣಕಾಲ ಮೇಲಕ್ಕೇ ಹೋಗಿ, ನಿಂತು, ಬಳಿಕ ಬೀಳುತ್ತದೆ. ಏರುವಾಗ, ನಿಂತಾಗ, ಬೀಳುವಾಗ ಮೂರರಲ್ಲಿಯೂ ಅದರ ವೇಗೋತ್ಕರ್ಷ ಕೆಳಮುಖವಾಗಿ 9.8 ಮೀಟರಿನದೇ. ನಿಂತ ಗಳಿಗೆಯಲ್ಲಿ ಸೊನ್ನೆಯಾದದ್ದು ವೇಗ, ವೇಗೋತ್ಕರ್ಷವಲ್ಲ. ಅದೂ ಸೊನ್ನೆಯಾಗಿ ಉಳಿದಿದ್ದರೆ ಕೊಡ ಬಾವಿಯ ನಡುವೆ ಹಾಗೆಯೇ ನಿಂತುಬಿಡುತ್ತಿತ್ತು!

ಮಕ್ಕಳು ಚಲನೆಯ ಲೆಕ್ಕಕ್ಕೆ ಕುಳಿತಾಗ ಮೊದಲು ಬಲಗಳ ಜಮಾಖರ್ಚನ್ನು ಬರೆಯಲಿ. ಗುರುತ್ವಾಕರ್ಷಣೆಯನ್ನು ಎಂದೂ ಬಿಡದೆ ಖರ್ಚಿಗೆ ಹಾಕಲಿ. ಸೂತ್ರದ ಮಾತು ಆಮೇಲೆ.