ತೂಕವಿದೆ, ಬಲವೆಲ್ಲಿದೆ?

(ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಳೆದ ಬೇಸಿಗೆ ರಜೆಯಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಹಳ್ಳಿಯಲ್ಲಿರುವ ನಮ್ಮ ತಾಯಿಯ ಮನೆಗೆ ಹೋಗಿದ್ದೆವು. ಆ ಮನೆಯ ಹಿತ್ತಲಲ್ಲಿ ರಾಟೆಯಿರುವ ಬಾವಿಯೊಂದು ಈಗಲೂ ಬಳಕೆಯಲ್ಲಿದೆ. ನಮ್ಮ ಮಗನಿಗೆ 11 ವರ್ಷ. ವಯಸ್ಸಿಗೆ ಮೀರಿದ ಎತ್ತರ, 42 ಕಿಲೋ ತೂಕ. ನೋಡಿದವರೆಲ್ಲ, 'ಮಾಶಾ ಅಲ್ಲಾಹ್, ಒಳ್ಳೆಯ ಮೈಕಟ್ಟು' ಎನ್ನುತ್ತಾರೆ. ನಾವೂ ಹಾಗೆಯೇ ಹೆಮ್ಮೆಪಟ್ಟುಕೊಂಡಿದ್ದೆವು. ಅವನು ಉತ್ಸಾಹದಿಂದ ಬಾವಿಗೆ ಕೊಡ ಇಳಿಸಿದ. ತುಂಬಿದ ಕೊಡವನ್ನು ಮೂರು ಮಾರು ಎಳೆಯುವಷ್ಟರಲ್ಲಿ ಅವನ ಬೆರಳುಗಳು ಸಡಿಲಗೊಂಡವು. ಹಗ್ಗ ಅಂಗೈಯನ್ನು ಸವರುತ್ತಾ ಜಾರಿ ಕೊಡ ಮರಳಿ ನೀರಿಗೆ ಬಿತ್ತು. 68 ವರ್ಷದ ಅಜ್ಜಿ ಏನೂ ಮಾತಾಡದೆ ಸೆರಗು ಬಿಗಿದುಕೊಂಡು ಅದೇ ಹಗ್ಗ ಹಿಡಿದರು. ಕೊಡವನ್ನು ಮೇಲೆತ್ತಿ ಕಟ್ಟೆಯ ಮೇಲಿಟ್ಟರು. ಅವರಿಗೆ ಸಕ್ಕರೆ ಕಾಯಿಲೆಯಿದೆ, ಮೊಣಕಾಲು ನೋವೂ ಇದೆ.

ಮಗನ ಶಾಲೆಯ ಪ್ರಗತಿ ಪತ್ರದಲ್ಲಿ ಎತ್ತರ ಎಷ್ಟು, ತೂಕ ಎಷ್ಟು ಎಂದು ವರ್ಷಕ್ಕೆರಡು ಬಾರಿ ಬರೆದು ಕಳುಹಿಸುತ್ತಾರೆ. ಬಲ ಎಷ್ಟು ಎಂಬ ಅಂಕಣ ಅದರಲ್ಲಿಲ್ಲ. ಇರಬೇಕಿತ್ತೆಂದು ನಮಗೂ ಅಂದಿನವರೆಗೆ ಅನ್ನಿಸಿರಲಿಲ್ಲ.

ಇದು ನಮ್ಮ ಮನೆಯ ಕತೆ ಮಾತ್ರವಲ್ಲ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ ಚೆಲ್ಮ್ಸ್‌ಫರ್ಡ್ ಎಂಬ ನಗರವಿದೆ. ಹಸಿವಿನಿಂದ ಬಳಲುವ ಊರಲ್ಲ, ಉಳ್ಳವರ ಊರು. ಅಲ್ಲಿ 1998ರಲ್ಲಿ 10 ವರ್ಷದ 309 ಮಕ್ಕಳ ಸ್ನಾಯು ಬಲವನ್ನು ಅಳೆದಿದ್ದರು. ಹತ್ತು ವರ್ಷಗಳ ನಂತರ, 2008ರಲ್ಲಿ, ಅದೇ ವಯಸ್ಸಿನ 315 ಮಕ್ಕಳನ್ನು ಅದೇ ರೀತಿಯಲ್ಲಿ ಪರೀಕ್ಷಿಸಿದರು. ಎಸೆಕ್ಸ್ ವಿಶ್ವವಿದ್ಯಾನಿಲಯದ ಗ್ಯಾವಿನ್ ಸ್ಯಾಂಡರ್‌ಕಾಕ್ ಮತ್ತು ಸಂಗಡಿಗರು 2011ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮಲಗಿ ಏಳುವ ಕಸರತ್ತಿನಲ್ಲಿ ಮಕ್ಕಳ ಸಾಮರ್ಥ್ಯ ಶೇ. 27ರಷ್ಟು ಕುಸಿದಿತ್ತು. ತೋಳಿನ ಬಲ ಶೇ. 26ರಷ್ಟು ಇಳಿದಿತ್ತು, ಮುಷ್ಟಿಯ ಹಿಡಿತ ಶೇ. 7ರಷ್ಟು. 1998ರಲ್ಲಿ ಸರಳಿಗೆ ಜೋತುಬಿದ್ದು ತನ್ನ ಮೈಭಾರವನ್ನು ತಾನೇ ಹೊರಲಾಗದ ಮಗು ಇಪ್ಪತ್ತರಲ್ಲಿ ಒಂದಿದ್ದರೆ, 2008ರಲ್ಲಿ ಹತ್ತರಲ್ಲಿ ಒಂದಾಗಿತ್ತು. ಇನ್ನೂ ಹತ್ತರಲ್ಲಿ ಒಂದು ಮಗು ಪ್ರಯತ್ನಿಸಲೂ ಒಪ್ಪಲಿಲ್ಲ. ನಮ್ಮನ್ನು ಹೆಚ್ಚು ಕಾಡಿದ್ದು ಈ ಕೊನೆಯ ಸಂಗತಿ. ಸೋಲುವುದು ಬೇರೆ, ಸರಳನ್ನು ಮುಟ್ಟುವುದೇ ಬೇಡವೆನ್ನುವುದು ಬೇರೆ.

ಈ ಎರಡು ತಲೆಮಾರಿನ ಮಕ್ಕಳಲ್ಲಿ ಎತ್ತರಕ್ಕೆ ಹೋಲಿಸಿದ ತೂಕದ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಂದರೆ ತಕ್ಕಡಿಯ ಮೇಲೆ ನಿಲ್ಲಿಸಿದರೆ ಯಾವ ವೈದ್ಯರಿಗೂ ವ್ಯತ್ಯಾಸ ಕಾಣಿಸದು. 2014ರಲ್ಲಿ ಮೂರನೆಯ ಬಾರಿ ಅಳೆದಾಗ ಮಕ್ಕಳು 1998ರವರಿಗಿಂತ ಎತ್ತರವಾಗಿದ್ದರು, ತೂಕವಾಗಿಯೂ ಇದ್ದರು. ಆದರೆ ಆ 16 ವರ್ಷಗಳಲ್ಲಿ ಸ್ನಾಯುವಿನ ಬಲ ಶೇ. 20ರಷ್ಟು, ತಾಳಿಕೆ ಶೇ. 30ರಷ್ಟು ಕುಸಿದಿತ್ತು.

'ನಮ್ಮ ಮಕ್ಕಳೇನು ಮೂಟೆ ಹೊರಬೇಕೇ? ಓದಿ ಕುರ್ಚಿಯಲ್ಲಿ ಕೂರುವವರಿಗೆ ತೋಳ್ಬಲ ಯಾಕೆ?' ಎಂದು ಗೆಳೆಯರೊಬ್ಬರು ನಮ್ಮನ್ನು ಕೇಳಿದರು. ಪ್ರಶ್ನೆ ಸಹಜವಾದುದೇ. ಭಾರತವೂ ಸೇರಿದಂತೆ 17 ದೇಶಗಳಲ್ಲಿ ಸುಮಾರು 1 ಲಕ್ಷ 40 ಸಾವಿರ ವಯಸ್ಕರ ಮುಷ್ಟಿ ಬಲವನ್ನು ಅಳೆದು, ವರ್ಷಗಟ್ಟಲೆ ಅವರ ಆರೋಗ್ಯವನ್ನು ಗಮನಿಸಿದ ಬೃಹತ್ ಅಧ್ಯಯನವೊಂದು 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಷ್ಟಿ ಬಲ 5 ಕಿಲೋದಷ್ಟು ಕಡಿಮೆಯಿದ್ದಲ್ಲಿ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಿದ್ದುದು ಅದರಲ್ಲಿ ಕಂಡುಬಂತು. ಸಾವಿನ ಮುನ್ಸೂಚನೆ ನೀಡುವುದರಲ್ಲಿ ರಕ್ತದೊತ್ತಡಕ್ಕಿಂತಲೂ ಮುಷ್ಟಿಯೇ ಮುಂದಿತ್ತು. ಮುಷ್ಟಿ ಸಡಿಲವಾದುದರಿಂದಲೇ ಮನುಷ್ಯ ಸಾಯುತ್ತಾನೆಂದು ಇದರ ಅರ್ಥವಲ್ಲ. ಇಡೀ ದೇಹದ ಸ್ಥಿತಿಯನ್ನು ಅಂಗೈ ಹೇಳಿಬಿಡುತ್ತದೆ, ಅಷ್ಟೆ. ಸಕ್ಕರೆಯನ್ನು ಬಳಸಿಕೊಳ್ಳುವ ದೊಡ್ಡ ಅಂಗವೇ ಸ್ನಾಯು. ಅದು ಕ್ಷೀಣಿಸಿದ ದೇಹಕ್ಕೆ ಸಕ್ಕರೆ ಕಾಯಿಲೆ ಹೇಗೆ ದಾರಿ ಮಾಡಿಕೊಳ್ಳುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಸಭೆಯಲ್ಲಿರುವ ಎಷ್ಟು ಮನೆಗಳ ಫ್ರಿಜ್‌ನಲ್ಲಿ ಇನ್ಸುಲಿನ್ ಇದೆಯೆಂದು ಕೈ ಎತ್ತಿಸಿದರೆ ಸಾಕು.

ನಮ್ಮ ದೇಶದವರಿಗೆ ಇನ್ನೊಂದು ಹೆಚ್ಚುವರಿ ತೊಡಕಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಜನಿಸಿದ ಮಕ್ಕಳನ್ನು ಸಂಶೋಧಕರು ವರ್ಷಾನುಗಟ್ಟಲೆ ಹಿಂಬಾಲಿಸಿದ್ದಾರೆ. ಪಾಶ್ಚಾತ್ಯ ಶಿಶುಗಳಿಗೆ ಹೋಲಿಸಿದರೆ ನಮ್ಮ ಶಿಶುಗಳು ಹುಟ್ಟುವಾಗಲೇ ಚಿಕ್ಕವು, ಸ್ನಾಯುವೂ ಕಡಿಮೆ. ಹಾಗಿದ್ದೂ ಮುಂಡದ ಭಾಗದ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರುವುದಿಲ್ಲ. ಅದೇ ಮಕ್ಕಳಿಗೆ 9 ವರ್ಷವಾದಾಗ ಮುಷ್ಟಿ ಬಲ ಅಳೆದರು. ಹುಟ್ಟುವಾಗ ತೂಕ ಮತ್ತು ತೋಳಿನ ಸುತ್ತಳತೆ ಹೆಚ್ಚಿದ್ದ ಮಕ್ಕಳ ಹಿಡಿತವೇ 9ರಲ್ಲೂ ಬಿಗಿಯಾಗಿತ್ತು ಎಂದು 2010ರಲ್ಲಿ ವರದಿಯಾಯಿತು. ಸ್ನಾಯುವಿನ ಬಂಡವಾಳವೇ ಕಡಿಮೆಯಿರುವ ಮಕ್ಕಳನ್ನು ನಾವು ಕೂರಿಸಿ ಬೆಳೆಸುತ್ತಿದ್ದೇವೆ.

ಇನ್ನು ಮೊಬೈಲ್‌ಗೆ ಬರೋಣ. ಈ ವಿಷಯದ ಬಗ್ಗೆ ಮಾತಾಡಲು ನಿಂತವರೆಲ್ಲ ಮೊದಲು ಬೈಯುವುದು ಅದನ್ನೇ. ಮೊಬೈಲ್‌ನಿಂದ ಹೊರಡುವ ಯಾವುದೋ ಕಿರಣ ಸ್ನಾಯುವನ್ನು ಕರಗಿಸುತ್ತದೆಂದು ಹೇಳುವವರೂ ಇದ್ದಾರೆ. ಅದಕ್ಕೆ ಆಧಾರವಿಲ್ಲ. ಸ್ಕ್ರೀನ್ ಕದಿಯುವುದು ಸಮಯವನ್ನು, ನಂತರ ನಿದ್ದೆಯನ್ನು. ಮಗುವಿನ ಸ್ನಾಯು ಬಲಗೊಳ್ಳುವುದು ಭಾರ ಬಿದ್ದಾಗ ಮಾತ್ರ. ಜೋತುಬೀಳುವಾಗ, ಹತ್ತುವಾಗ, ಎಳೆಯುವಾಗ, ತಮ್ಮನನ್ನು ಬೆನ್ನ ಮೇಲೆ ಹೊತ್ತು ಓಡುವಾಗ. ಪ್ರಾಯಕ್ಕೆ ಬರುವ ಮುಂಚಿನ ಮಕ್ಕಳಲ್ಲಿ ಬಲ ಹೆಚ್ಚುವುದು ಸ್ನಾಯು ಉಬ್ಬುವುದರಿಂದಲ್ಲ. ಸ್ನಾಯುವಿನ ಎಳೆಗಳನ್ನು ಒಟ್ಟಾಗಿ ದುಡಿಸಲು ಮೆದುಳು ಮತ್ತು ನರಗಳು ಕಲಿಯುವುದರಿಂದ. ಅಂದರೆ ಬಲವೆಂಬುದು ಆ ವಯಸ್ಸಿನಲ್ಲಿ ಒಂದು ರೀತಿಯ ಕಲಿಕೆ, ಅಕ್ಷರ ಕಲಿತಂತೆ. ಮೂಳೆಯೂ ಹಾಗೆಯೇ. ಟೆನಿಸ್ ಆಟಗಾರ್ತಿಯರು ರ‍್ಯಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದು ಕೈಯದಕ್ಕಿಂತ ಗಟ್ಟಿಯಾಗಿರುತ್ತದೆ. ಪ್ರಾಯಕ್ಕೆ ಬರುವ ಮುಂಚೆಯೇ ಆಡಲು ಆರಂಭಿಸಿದವರಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು.

ಆದ್ದರಿಂದ ಮಗನ ಕೈಯಿಂದ ಮೊಬೈಲ್ ಕಸಿದುಕೊಂಡು ಟ್ಯೂಷನ್‌ನ ಬೆಂಚಿನ ಮೇಲೆ ಕೂರಿಸಿದ ತಂದೆ, ತಾನು ಮಗನ ಆರೋಗ್ಯವನ್ನು ಉಳಿಸಿದೆನೆಂದು ಭಾವಿಸಬಾರದು. ಕೂತದ್ದು ಗೇಮ್ ಆಡಲಿಕ್ಕೋ ಗಣಿತ ಕಲಿಯಲಿಕ್ಕೋ ಎಂಬ ಭೇದ ಸ್ನಾಯುವಿಗೆ ತಿಳಿಯದು.

ಹಾಗಂತ ಮೊಬೈಲ್ ನಿರಪರಾಧಿಯೆಂದು ನಾವು ಹೇಳುತ್ತಿಲ್ಲ. ಕೊರೋನಾ ಕಾಲದಲ್ಲಿ, 2020ರ ಮಾರ್ಚ್‌ನಿಂದ, ಪಾಠದ ಹೆಸರಿನಲ್ಲಿ ನಾವೇ ಅದನ್ನು ಮಕ್ಕಳ ಕೈಗಿಟ್ಟೆವು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲೇರಿದ್ದು 2021ರ ಅಕ್ಟೋಬರ್ ಕೊನೆಯಲ್ಲಿ. ಶಾಲೆ ತೆರೆಯಿತು, ಮೊಬೈಲ್ ಮಾತ್ರ ಮರಳಿ ನಮ್ಮ ಕೈ ಸೇರಲಿಲ್ಲ. 14ರಿಂದ 16 ವರ್ಷದ ಗ್ರಾಮೀಣ ಮಕ್ಕಳ ಕುರಿತಾದ 2024ರ ಅಸರ್ ಸಮೀಕ್ಷೆಯನ್ನು ನೋಡಿ. ಸಮೀಕ್ಷೆಗೆ ಮುಂಚಿನ ವಾರದಲ್ಲಿ ಸ್ಮಾರ್ಟ್‌ಫೋನನ್ನು ಕಲಿಕೆಗಾಗಿ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ. 76. ಹಳ್ಳಿಯ ಸ್ಥಿತಿಯೇ ಹೀಗಿದ್ದರೆ ಪೇಟೆಯವರಾದ ನಾವು ಲೆಕ್ಕ ಕೇಳುವ ಅಗತ್ಯವಿಲ್ಲ. ಎರಡು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘಟನೆ 2022ರಲ್ಲಿ ಹೇಳಿದೆ. ಐದರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ, ವಾರದಲ್ಲಿ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆಗೆ ಬಲ ಕೊಡುವ ಕೆಲಸ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮೊದಲನೆಯ ಮಾತನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಎರಡನೆಯದು ಯಾಕೋ ಯಾರ ಬಾಯಲ್ಲೂ ಇಲ್ಲ.

ಆ 60 ನಿಮಿಷ ಎಲ್ಲಿದೆ? ನಮ್ಮ ಮಕ್ಕಳ ದಿನಚರಿಯನ್ನು ಕಾಗದದ ಮೇಲೆ ಬರೆದು ನೋಡಿ. ಬೆಳಗ್ಗೆ ಮದ್ರಸಾ, ಅಲ್ಲಿಂದ ಶಾಲೆಯ ವ್ಯಾನು, ಸಂಜೆ ಟ್ಯೂಷನ್, ಮಗ್ರಿಬ್ ನಂತರ ಹೋಮ್‌ವರ್ಕ್, ಊಟದ ಹೊತ್ತಿಗೆ ಮೊಬೈಲ್. ಮದ್ರಸಾದಲ್ಲಿ ಕಲಿತವರಾಗಿ ನಾವು ಇದನ್ನು ಹೇಳಲೇಬೇಕು. ನಾವು ಓದುತ್ತಿದ್ದಾಗ ಉಸ್ತಾದರು ಅಸರ್ ನಮಾಝಿನ ಬಳಿಕ ಒಂದು ಗಂಟೆ ಬಾಗಿಲು ತೆರೆದುಬಿಡುತ್ತಿದ್ದರು. ನಾವು ಲಗೋರಿ, ಕಬಡ್ಡಿ ಆಡಿ ಮೈಯೆಲ್ಲ ಮಣ್ಣಾಗಿ ಮಗ್ರಿಬ್‌ಗೆ ವುಝೂ ಮಾಡುತ್ತಿದ್ದೆವು. ಈಗ ಆ ಗಂಟೆಗೂ ಒಂದು ಪಠ್ಯ ಬಂದಿದೆ. ಶಾಲೆಗಳ ಕತೆಯೂ ಭಿನ್ನವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನವೂ ಸೇರಿದೆ. ಆದರೆ ಅಂಗಡಿಗಳ ಮೇಲಿನ ಮಹಡಿಯಲ್ಲಿ ತರಗತಿ ನಡೆಸುವ ಶಾಲೆಗಳಿಗೆ ನಾವೇ ಸಾಲು ನಿಂತು ಡೊನೇಷನ್ ಕೊಡುತ್ತೇವೆ. ಮತ ಕೇಳಲು ಬಂದವರೊಡನೆ ರಸ್ತೆ, ಚರಂಡಿ, ದಾರಿದೀಪಗಳ ಬಗ್ಗೆ ಮಾತಾಡುತ್ತೇವೆ. ನಮ್ಮ ಮೊಹಲ್ಲಾದಲ್ಲಿ ಮಕ್ಕಳು ಓಡಲು ಒಂದು ಸೆಂಟ್ಸ್ ಜಾಗವಿಲ್ಲವೆಂದು ಎಷ್ಟು ಮಂದಿ ಕೇಳಿದ್ದೇವೆ?

ಇನ್ನೀಗ ಹೆಣ್ಣು ಮಕ್ಕಳ ವಿಷಯ. ಇದನ್ನು ಹೇಳುವುದಕ್ಕಾಗಿಯೇ ಇಂದು ನಾವು ಇಲ್ಲಿಗೆ ಬಂದಿರುವುದು ಎಂದರೂ ತಪ್ಪಲ್ಲ.

ಅದೇ ರಜೆಯಲ್ಲಿ, ಅದೇ ಹಿತ್ತಲಲ್ಲಿ, ನಮ್ಮ 9 ವರ್ಷದ ಮಗಳು ಪೇರಳೆ ಮರ ಹತ್ತಿದ್ದಳು. ಅಣ್ಣನಿಗಿಂತ ಹಗುರ, ಹಿಡಿತ ಬಿಗಿ. ಎರಡನೆಯ ಕವಲಿನವರೆಗೆ ಏರಿ ಕುಳಿತಿದ್ದಳು. 'ದೊಡ್ಡವಳಾಗುತ್ತಿದ್ದೀಯಾ, ಇಳಿ ಕೆಳಗೆ' ಎಂದು ಒಳಗಿನಿಂದ ಗದರಿದ ಸ್ವರ ಕೇಳಿಸಿತು. ಆ ಸ್ವರ ನಮ್ಮದೇ ಆಗಿತ್ತು. ಬಾವಿಯ ಬಳಿ ಮಗನ ಬಲ ಸಾಲದೆಂದು ಕೊರಗಿದ ನಾವೇ ಒಂದು ಗಂಟೆಯೊಳಗೆ ಮಗಳನ್ನು ಮರದಿಂದ ಇಳಿಸಿದ್ದೆವು. ಅವಳು ಇಳಿದಳು. ಒಳಬಂದು ಮೊಬೈಲ್ ಕೇಳಿದಳು. ನಾವು ಕೊಟ್ಟೆವು.

146 ದೇಶಗಳ 11ರಿಂದ 17 ವರ್ಷದ ವಿದ್ಯಾರ್ಥಿಗಳ ಕುರಿತಾದ ಲೆಕ್ಕಾಚಾರವೊಂದು 2019ರಲ್ಲಿ ಪ್ರಕಟವಾಗಿದೆ. 2016ರ ಸ್ಥಿತಿಯಂತೆ ಜಗತ್ತಿನ ಶೇ. 81 ಮಕ್ಕಳು ಸಾಕಷ್ಟು ಮೈ ದಣಿಸುತ್ತಿರಲಿಲ್ಲ, ಹುಡುಗರಲ್ಲಿ ಶೇ. 78, ಹುಡುಗಿಯರಲ್ಲಿ ಶೇ. 85. ಭಾರತದ ಅಂಕಿ ಜಾಗತಿಕ ಸರಾಸರಿಗಿಂತ ತುಸು ಉತ್ತಮವಾಗಿತ್ತು. ಯಾಕೆ ಗೊತ್ತೇ? ಹುಡುಗರ ಮಟ್ಟಿಗೆ ಕ್ರಿಕೆಟ್, ಹುಡುಗಿಯರ ಮಟ್ಟಿಗೆ ಮನೆಗೆಲಸ ಕಾರಣವಿರಬಹುದು ಎಂದು ಸಂಶೋಧಕರು ಊಹಿಸಿದ್ದಾರೆ. ನಮ್ಮ ಹೆಣ್ಣು ಮಕ್ಕಳ ಆರೋಗ್ಯದ ಅಂಕಿಯನ್ನು ಪಾತ್ರೆ ತೊಳೆಯುವ ಕೆಲಸ ಕಾಪಾಡಿದೆಯೆಂದರೆ ಅದರಲ್ಲಿ ಸಂತೋಷಪಡುವುದಕ್ಕೇನಿದೆ? ನಮ್ಮ ತಾಯಿಯ ತೋಳ್ಬಲವೂ ಅಲ್ಲಿಂದಲೇ ಬಂದದ್ದು. ಬಾವಿ ಸೇದುವುದು ಸ್ವರ್ಗವಾಗಿತ್ತೇ ಎಂದು ಅವರನ್ನು ಕೇಳಿದರೆ, ಪಂಪ್ ಹಾಕಿಸಿಕೊಡೆಂದು ಎಷ್ಟು ವರ್ಷಗಳಿಂದ ಹೇಳುತ್ತಿದ್ದೇನೆಂದು ನಮ್ಮನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ.

ಹೆಣ್ಣು ಓಡಬಾರದು, ಹತ್ತಬಾರದು ಎಂಬುದನ್ನು ಧರ್ಮದ ಲೆಕ್ಕಕ್ಕೆ ಹಾಕುವವರಿಗೆ ಒಂದೇ ಮಾತು. ಪ್ರವಾದಿಯವರು(ಸ) ಮತ್ತು ಪತ್ನಿ ಆಯಿಶಾ(ರ) ಓಟದ ಸ್ಪರ್ಧೆ ನಡೆಸಿದ ಘಟನೆಯನ್ನು ನಾವು ಅಬೂದಾವೂದ್ ಸಂಗ್ರಹದಲ್ಲಿ ಓದಿಕೊಂಡೇ ಬಂದವರು. ಮೊದಲ ಬಾರಿ ಗೆದ್ದದ್ದು ಯಾರೆಂಬುದೂ ಅದರಲ್ಲಿದೆ. ಮೂಳೆಗೆ ಸತ್ವ ತುಂಬುವ ವಯಸ್ಸು ಬೆಳೆಯುವ ವಯಸ್ಸೇ. ಆ ಬಾಗಿಲು ಇಪ್ಪತ್ತರ ಸುಮಾರಿಗೆ ಹೆಚ್ಚುಕಡಿಮೆ ಮುಚ್ಚುತ್ತದೆ. ನಾವು ಮಗಳನ್ನು ಅಂಗಳದಿಂದ ಒಳಗೆ ಕರೆಯುವುದು ಸರಿಯಾಗಿ ಆ ಬಾಗಿಲು ಪೂರ್ತಿ ತೆರೆದಿರುವ ವರ್ಷಗಳಲ್ಲಿ. ಮೈಸೂರಿನ ಮಕ್ಕಳ ಮಾತನ್ನು ಇಲ್ಲಿ ಮತ್ತೊಮ್ಮೆ ನೆನಪಿಸಿಕೊಳ್ಳಿ. 9ರ ವಯಸ್ಸಿನ ಹಿಡಿತದ ಬೇರು ತಾಯಿಯ ಗರ್ಭದಲ್ಲಿದೆ. ಇಂದು ಕೋಣೆಯ ಮೂಲೆಯಲ್ಲಿ ಮೊಬೈಲ್ ಹಿಡಿದು ಕುಳಿತಿರುವ ಹುಡುಗಿಯೇ ನಾಳೆಯ ತಾಯಿ.

ಊರಿನಿಂದ ಮರಳಿದ ಮೇಲೆ ನಮ್ಮ ಮನೆಯ ಜಗಲಿಯಲ್ಲಿ ಎರಡು ಗೋಡೆಗಳ ನಡುವೆ ಕಬ್ಬಿಣದ ಪೈಪೊಂದನ್ನು ಬಿಗಿಸಿದೆವು. ಖರ್ಚು ಒಂದು ತಿಂಗಳ ಟ್ಯೂಷನ್ ಫೀಸಿಗಿಂತ ಕಡಿಮೆ. ಮೊದಲ ದಿನ ಮಗ 6 ಸೆಕೆಂಡ್ ಜೋತುಬಿದ್ದ, ಮಗಳು 19 ಸೆಕೆಂಡ್. ನಾವು ಎಷ್ಟು ಎಂದು ದಯವಿಟ್ಟು ಕೇಳಬೇಡಿ. ಮೂರು ತಿಂಗಳಾಯಿತು, ಮಗ ಈಗ ಅರ್ಧ ನಿಮಿಷ ದಾಟಿದ್ದಾನೆ. ಮೊಬೈಲ್ ಮನೆಯಲ್ಲಿ ಇನ್ನೂ ಇದೆ, ಅದರ ಜಗಳವೂ ಇದೆ. ಸಂಜೆಯ ಟ್ಯೂಷನ್ ಅನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದ್ದೇವೆ. ಗಣಿತದಲ್ಲಿ ಮಗನ ಅಂಕ ಇಳಿದಿದೆಯೇ ಎಂದು ಕೇಳುವಿರಿ. ಎರಡು ಅಂಕ ಇಳಿದಿದೆ.

ಈ ಸಭಾಂಗಣದ ಹಿಂದೆ ಎಂಟು ಸೆಂಟ್ಸ್‌ನಷ್ಟು ಖಾಲಿ ಜಾಗವಿದೆ. ಸುತ್ತ ಆಳೆತ್ತರದ ಗೋಡೆಯಿದೆ, ಹೆಣ್ಣು ಮಕ್ಕಳು ನಿಶ್ಚಿಂತೆಯಿಂದ ಆಡಬಹುದು. ಸದ್ಯ ಅಲ್ಲಿ ಮುರಿದ ಬೆಂಚುಗಳನ್ನೂ ಮದುವೆಯ ಪಾತ್ರೆಗಳನ್ನೂ ಇಟ್ಟಿದ್ದಾರೆ, ಗೇಟಿಗೆ ಬೀಗ ಹಾಕಿದೆ. ವಾರಕ್ಕೆ ಮೂರು ಸಂಜೆ ಹುಡುಗಿಯರಿಗೆ, ಮೂರು ಸಂಜೆ ಹುಡುಗರಿಗೆ ಅದನ್ನು ತೆರೆದುಕೊಡಬೇಕೆಂದು ಕಮಿಟಿಯ ಹಿರಿಯರಲ್ಲಿ ನಮ್ಮ ಕೋರಿಕೆ. ಬೆಂಚುಗಳನ್ನು ಹೊರಸಾಗಿಸಲು ನಾವೇ ಬರುತ್ತೇವೆ. ಬೀಗದ ಕೀಲಿಕೈ ಯಾರ ಬಳಿ ಇದೆಯೆಂದು ಸಭೆ ಮುಗಿಯುವ ಮುನ್ನ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.