ಟಾಪು ಮಡಿಸುವ ಕಾರು

ಜಯನಗರ, ಬನಶಂಕರಿಗಳ ಕಡೆ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದು ಹೊಸ ಬಣ್ಣ ತಳೆದು, ಬಟ್ಟೆಯ ಟಾಪನ್ನು ಹಿಂದಕ್ಕೆ ಮಡಿಸಿಕೊಂಡು ಮಾರಾಟಕ್ಕೆ ನಿಂತರೆ ದಾರಿಹೋಕರ ಕಣ್ಣು ಅತ್ತ ಹೊರಳುವುದು ಸಹಜವೇ. 1961ರಿಂದ ಹತ್ತು ವರ್ಷ ಮದರಾಸಿನಲ್ಲಿ ತಯಾರಾದ ಕಾರು ಅದು. ಆದರೆ, ಕೇಳುಗ ಮಹಾಶಯರೇ, ಕೊಳ್ಳತಕ್ಕವರು ಮೊದಲು ವಿಚಾರಿಸಬೇಕಾದುದು ಬೆಲೆಯನ್ನಲ್ಲ. ಈ ಕಾರು ಹುಟ್ಟಿದ್ದೇ ಹೀಗೋ, ಆಮೇಲೆ ಹೀಗಾಯಿತೋ ಎಂಬುದನ್ನು.

ಹೆರಾಲ್ಡಿನ ಬಲವೆಲ್ಲ ಕೆಳಗಿನ ಚಾಸಿಯಲ್ಲಿದೆ. ಮೇಲಿನ ಛಾವಣಿ ಬೋಲ್ಟುಗಳಿಂದ ಬಿಗಿದದ್ದು. ಬಿಚ್ಚಿದರೆ ಬಂದುಬಿಡುತ್ತದೆ. ವ್ಯಾಕರಣದಲ್ಲಿ ಲೋಪಸಂಧಿಗೆ ಒಂದು ಕಟ್ಟುಂಟು: ಅರ್ಥ ಕೆಡಬಾರದು. ಆರ್.ಸಿ. ಪುಸ್ತಕದಲ್ಲಿ ಒಂದು ರೂಪ, ಬೀದಿಯಲ್ಲಿ ಇನ್ನೊಂದು ರೂಪವಾದರೆ ಇಲ್ಲಿ ಕೆಡುವುದು ಹಣವೆಂಬ ಅರ್ಥ! ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಟನ್ನು 1988ರ ಮೋಟಾರು ವಾಹನ ಕಾಯಿದೆ ಒಪ್ಪದು. 50 ವರ್ಷ ಮೀರಿದ ವಾಹನಗಳಿಗೆಂದು 2021ರಲ್ಲಿ ಬಂದ ವಿಂಟೇಜ್ ನೋಂದಣಿಗೂ ಚಾಸಿ, ಬಾಡಿ, ಎಂಜಿನ್ನುಗಳು ಗಣನೀಯವಾಗಿ ಬದಲಾಗಿರಕೂಡದು.

ನೋಡಲು ಹೋಗುವಾಗ ಕಿಸೆಯಲ್ಲೊಂದು ಅಯಸ್ಕಾಂತವಿರಲಿ. ಉಕ್ಕಿನ ತಗಡಿಗೆ ಅಂಟುತ್ತದೆ. ಬಣ್ಣದಡಿ ದಪ್ಪವಾಗಿ ಮೆತ್ತಿದ ಪುಟ್ಟಿಯ ಮೇಲೆ ನಿಲ್ಲದು. ಟಾಪು ಸೋರಿದರೆ ನೀರು ನಿಲ್ಲುವುದು ಕಾಲಡಿಯಲ್ಲಿ. ಹಾಸನ್ನೆತ್ತಿ ತುಕ್ಕನ್ನು ನೋಡಿ. ಮಾರುವವರು ಬೇಸರಪಟ್ಟರೆ ಪಡಲಿ.