ಕಾಯಿ ಹೆಚ್ಚಲಾರದ ವಿಷ ಹಿಡಿಯೋದು ಹೆಂಗ?

ಇವತ್ತಿನ ಪ್ರಶ್ನೆ ಒಂದ: ಸಂತಿಯೊಳಗಿನ ಬದನಿಕಾಯಿ ಮ್ಯಾಲ 'ಎಣ್ಣಿ' ಉಳದೈತೋ ಇಲ್ಲೋ, ಅದನ್ನ ಹೆಚ್ಚಲಾರದ ಗೊತ್ತಾಗತೈತೇನು? ಎಣ್ಣಿ ಅಂದ್ರ ಹೊಲಕ್ಕ ಹೊಡಿಯೋ ಕೀಟನಾಶಕ, ನಿಮಗ ಗೊತ್ತಲ್ಲ.

ಈಗ ಲ್ಯಾಬ್‌ನಲ್ಲಿ ತರಕಾರಿಯನ್ನು ನುಣ್ಣಗೆ ರುಬ್ಬಿ, ದ್ರಾವಕ ಹಾಕಿ, ವಿಷವನ್ನು ಹೊರತೆಗೆದು ದೊಡ್ಡ ಮಷೀನಿನಲ್ಲಿ ಅಳೆಯುತ್ತಾರೆ. ಬೇರೆ ಮಿತಿ ನಿಗದಿಯಾಗದ ಕೀಟನಾಶಕಕ್ಕೆ ನಮ್ಮ ದೇಶದ ಮಿತಿ ಕೆ.ಜಿ.ಗೆ 0.01 ಮಿಲಿಗ್ರಾಂ. ಅಂದ್ರ 100 ಟನ್ ತರಕಾರಿಗೆ 1 ಗ್ರಾಂ! ಅಷ್ಟು ಸೂಕ್ಷ್ಮ ಲೆಕ್ಕ. ಆದ್ರ ರಿಪೋರ್ಟ್ ಬರೋದ್ರಾಗ ಮೆಂತೆ ಪಲ್ಲೆ ತಿಂದು ಮುಗಿದಿರತೈತಿ.

ಇದಕ್ಕೊಂದು ದಾರಿ ನಮ್ಮವರೇ ಆದ ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮದಿಂದ ಬಂದಿದೆ. ವಸ್ತುವಿನ ಮೇಲೆ ಬೆಳಕು ಬಿದ್ದಾಗ, ಚದುರಿದ ಬೆಳಕಿನ ಸ್ವಲ್ಪ ಭಾಗದ ಬಣ್ಣ ಬದಲಾಗುತ್ತದೆ. ಆ ಬದಲಾವಣೆ ಪ್ರತಿ ರಾಸಾಯನಿಕಕ್ಕೂ ಬೇರೆ, ಹೆಬ್ಬೆಟ್ಟಿನ ಗುರುತಿನಂತೆ. ಗುರುತು ಬಹಳ ಮಸುಕು. ಬೆಳ್ಳಿ ಅಥವಾ ಬಂಗಾರದ ನ್ಯಾನೋ ಕಣಗಳನ್ನು ಹತ್ತಿರ ತಂದರೆ ಅದು ಎಷ್ಟೋ ಪಟ್ಟು ಎದ್ದು ಕಾಣುತ್ತದೆ. ಅಂಥ ಕಣಗಳಿರುವ ಪಟ್ಟಿಯಿಂದ ಸಿಪ್ಪೆ ಒರೆಸಿ, ಲೇಸರ್ ಬಿಟ್ಟರೆ ಆಯ್ತು. ಥೈರಾಮ್‌ನಂಥ ಶಿಲೀಂಧ್ರನಾಶಕವನ್ನು ಸಂಶೋಧಕರು ಹಣ್ಣಿನ ಸಿಪ್ಪೆ ಮೇಲೆ ಹೀಗೆ ಪತ್ತೆ ಮಾಡಿದ್ದಾರೆ. ಕಾಯಿಗೆ ಒಂದು ಗೀರೂ ಬೀಳಂಗಿಲ್ಲ.

ಆದ್ರ ಇದು ನೋಡೋದು ಸಿಪ್ಪಿ ಅಷ್ಟ. ಇಮಿಡಾಕ್ಲೋಪ್ರಿಡ್‌ನಂಥ ಔಷಧಿ ಗಿಡದ ಒಳಗೇ ಹರಿದಾಡುತ್ತದೆ. ಹಾಗೆ ಒಳಗೆ ಸೇರಿದ್ದು ಒರೆಸಿದರೆ ಸಿಗುವುದಿಲ್ಲ, ತೊಳೆದರೂ ಹೋಗುವುದಿಲ್ಲ. ಇನ್ನೊಂದ್ ಮಾತು: ಬರೀ ಫೋಟೊ ತಗದು ವಿಷ ಹೇಳತೀನಿ ಅನ್ನೋ ಆ್ಯಪ್ ಇದ್ರ ನಂಬಬ್ಯಾಡ್ರಿ. ಇಷ್ಟು ಸಣ್ಣ ಪ್ರಮಾಣ ಮೊಬೈಲ್ ಕ್ಯಾಮೆರಾಕ್ಕ ಕಾಣಂಗಿಲ್ಲ.

ನಾ ಕಾಮರ್ಸ್ ಓದಿದಾಂವ, ರೊಕ್ಕದ ಲೆಕ್ಕ ಹೇಳತೀನಿ. ಎಣ್ಣಿ ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಡಬ್ಬಿ ಜೊತೆಗಿನ ಚೀಟಿಯಲ್ಲೇ ಇರುತ್ತದೆ. ಅಷ್ಟು ದಿನ ಕಾಯ್ದ ರೈತನಿಗೂ, ಮರುದಿನವೇ ಕೊಯ್ದವನಿಗೂ ಸಂತೆಯಲ್ಲಿ ಒಂದೇ ರೇಟು. ಕಾಯುವುದರೊಳಗೆ ದರ ಬಿದ್ದರೆ ಪ್ರಾಮಾಣಿಕನಿಗೇ ನಷ್ಟ. ಸಂತೆಯಲ್ಲೇ ನಿಮಿಷದಾಗ ಪರೀಕ್ಷೆ ಆದ್ರ, ಅದು ತಿನ್ನೋರಿಗಷ್ಟ ಅಲ್ಲ, ಆ ರೈತನಿಗೂ ಸಾಕ್ಷಿ.

ಅಲ್ಲೀತನಕ ತರಕಾರಿ ಹರಿಯೋ ನೀರಾಗ ಚಲೋ ತಿಕ್ಕಿ ತೊಳೀರಿ; ಮೇಲಿಂದರ ಕಡಿಮಿ ಆಗತೈತಿ. ಮತ್ತ ಸಂತ್ಯಾಗ ರೇಟ್ ಕೇಳೋ ಮೊದಲ ಕೇಳ್ರಿ: "ಅಣ್ಣಾ, ಎಣ್ಣಿ ಹೊಡದು ಎಷ್ಟು ದಿನ ಆತ್ರೀ?" ಕಾಯ್ದಾಂವಗ ಎರಡು ರೂಪಾಯಿ ಹೆಚ್ಚು ಕೊಡ್ರಿ.

ಮುಂದಿನ ಎಪಿಸೋಡ್‌ನಾಗ ಸಿಗೂಣು.